ಸ್ಕ್ಯಾನ್ ಅನುಮಾನ ಅಂತು, ಬಯಾಪ್ಸಿ ಇಲ್ಲ ಅಂತು

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಎಡ ಸ್ತನದಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕಿತು. ಅಲ್ಟ್ರಾಸೌಂಡ್ ರಿಪೋರ್ಟ್‌ನಲ್ಲಿ ‘ಅಂಚು ಅಂಕುಡೊಂಕು, ಹಿಂದೆ ನೆರಳು, ಬೈ-ರಾಡ್ಸ್ 4ಬಿ’ ಎಂದಿತ್ತು. ಆದರೆ ಸೂಜಿ ಬಯಾಪ್ಸಿಯಲ್ಲಿ ‘ಫ್ಯಾಟ್ ನೆಕ್ರೋಸಿಸ್ (ಕೊಬ್ಬು ಸತ್ತಿದೆ), ಕ್ಯಾನ್ಸರ್ ಇಲ್ಲ’ ಎಂದು ಬಂತು. ವರ್ಷದ ಹಿಂದೆ ಕಾರು ಗುದ್ದಿದಾಗ ಸೀಟ್ ಬೆಲ್ಟ್ ಒತ್ತಿ ಅದೇ ಜಾಗ ನೀಲಿಗಟ್ಟಿತ್ತು. ಸ್ಕ್ಯಾನ್ ಮಾಡಿದವರದು ತಪ್ಪಾ, ಸೂಜಿ ಗುರಿ ತಪ್ಪಿತಾ?

ಉತ್ತರ: ನಿಮ್ಮ ಚಿತ್ರ ನಾನು ನೋಡಿಲ್ಲ. ಆದರೆ ನೀವು ಬರೆದಿದ್ದನ್ನು ನೋಡಿದರೆ ಇಬ್ಬರದೂ ತಪ್ಪಿಲ್ಲ ಅನ್ನಿಸುತ್ತದೆ. ಬೈ-ರಾಡ್ಸ್ ಅನ್ನುವುದು ಸ್ತನದ ಚಿತ್ರದಲ್ಲಿ ಅನುಮಾನ ಎಷ್ಟಿದೆ ಎಂದು ಹೇಳುವ ಶ್ರೇಣಿ. ಅದರಲ್ಲಿ 4ಬಿ ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇಕಡಾ 10ರಿಂದ 50ರವರೆಗೆ, ಪರೀಕ್ಷೆ ಮಾಡಿಸಲೇಬೇಕು ಅಂತ ಅರ್ಥ. ಕ್ಯಾನ್ಸರ್ ಇದೆ ಅಂತ ಅಲ್ಲ.

ಅಲ್ಟ್ರಾಸೌಂಡ್‌ಗೆ ಜೀವಕೋಶ ಕಾಣುವುದಿಲ್ಲ. ಶಬ್ದ ಕಳಿಸಿ, ವಾಪಸ್ ಬಂದಷ್ಟನ್ನು ಚಿತ್ರ ಮಾಡುತ್ತದೆ, ಅಷ್ಟೇ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಗಡಸು ನಾರು ಬೆಳೆದಿರುತ್ತದೆ. ಅದು ಶಬ್ದವನ್ನು ನುಂಗುತ್ತದೆ, ಹಿಂದೆ ಕಪ್ಪು ನೆರಳು ಬೀಳುತ್ತದೆ. ಪೆಟ್ಟು ಬಿದ್ದು ಕೊಬ್ಬು ಸತ್ತ ಜಾಗವನ್ನೂ ದೇಹ ಇಂಥ ನಾರಿನಿಂದಲೇ ತೇಪೆ ಹಾಕುತ್ತದೆ. ಹಾಗಾಗಿ ಅದೇ ನೆರಳು, ಅದೇ ಅಂಕುಡೊಂಕು. ಎಷ್ಟೋ ಸಲ ಇಲ್ಲಿ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಕೈ ಹಿಡಿಯುತ್ತದೆ. ಕರಗಿದ ಕೊಬ್ಬು ಎಣ್ಣೆಯ ಗುಳ್ಳೆಯಾಗಿ, ಸುತ್ತ ಮೊಟ್ಟೆಯ ಚಿಪ್ಪಿನ ಹಾಗೆ ತೆಳ್ಳಗೆ ಸುಣ್ಣ ಕಟ್ಟಿದ್ದರೆ ಅನುಮಾನ ಅಲ್ಲಿಗೇ ಮುಗಿಯಿತು.

ಇಪ್ಪತ್ತು ವರ್ಷದಿಂದ ಅಲ್ಟ್ರಾಸೌಂಡ್ ಪ್ರೋಬ್ ಹಿಡಿದಿದ್ದೇನೆ. ಈಗಲೂ ಮೋಸ ಹೋಗುತ್ತೇನೆ. ಒಮ್ಮೆ ಒಬ್ಬರ ಸ್ತನದಲ್ಲಿ ದೊಡ್ಡ ಕಪ್ಪು ನೆರಳು ಕಂಡಿತು. ಮನಸ್ಸಿನಲ್ಲೇ ರಿಪೋರ್ಟ್ ಬರೆದಾಗಿತ್ತು. ಜೆಲ್ ಒರೆಸಿ ಚರ್ಮ ನೋಡಿದರೆ ಕೂದಲೆಳೆಯಷ್ಟು ಬಿಳಿ ಗೆರೆ, ಹಳೇ ಆಪರೇಷನ್‌ನದು. ಮತ್ತೆ ಪ್ರೋಬ್ ಇಟ್ಟು ಅಡ್ಡ ತಿರುಗಿಸಿದೆ. ಒಂದು ಕಡೆಯಿಂದ ಉಂಡೆಯಂತೆ ಕಂಡಿದ್ದು ಇನ್ನೊಂದು ಕಡೆಯಿಂದ ಚಪ್ಪಟೆ ಪಟ್ಟಿ. ನಿಜವಾದ ಗಂಟು ಹೀಗೆ ಪಟ್ಟಿಯಾಗುವುದು ಅಪರೂಪ. ‘ಹಿಂದೆ ಆಪರೇಷನ್ ಆಗಿದೆಯಾ?’ ಎಂದು ಮೊದಲೇ ಕೇಳಬೇಕಿತ್ತು. ಕೇಳಿರಲಿಲ್ಲ.

ಮೋಸ ಮಾಡುವವು ಇನ್ನೂ ಇವೆ. ಬಹಳ ವರ್ಷ ಇನ್ಸುಲಿನ್ ತೆಗೆದುಕೊಂಡವರಲ್ಲಿ ಕಲ್ಲಿನಂಥ ಗಂಟಾಗಿ ದಟ್ಟ ನೆರಳು ಬೀಳುವುದುಂಟು. ಹೆರಿಗೆಯಾಗಿ ಕೆಲವು ವರ್ಷದೊಳಗೆ ಬರುವ ಗ್ರಾನುಲೋಮಾ ಉರಿಯೂತವೂ ಥೇಟ್ ಕ್ಯಾನ್ಸರ್ ಹಾಗೇ ಕಾಣುತ್ತದೆ. ಸುಣ್ಣ ಕಟ್ಟಿದ ಹಳೇ ಫೈಬ್ರೊಅಡಿನೋಮಾ (ಕ್ಯಾನ್ಸರ್ ಅಲ್ಲದ ಗಂಟು) ಕೂಡ.

ಇನ್ನು ಸೂಜಿಯ ವಿಷಯ. ಬಯಾಪ್ಸಿ ‘ಇಲ್ಲ’ ಅಂದಿತೋ ‘ಇದೆ’ ಅಂದಿತೋ ಅನ್ನುವುದಕ್ಕಿಂತ ನಾನು ಮೊದಲು ನೋಡುವುದು, ಚಿತ್ರಕ್ಕೂ ಉತ್ತರಕ್ಕೂ ತಾಳೆ ಆಗುತ್ತದಾ ಅಂತ. ‘ಸಾಮಾನ್ಯ ಸ್ತನದ ಅಂಗಾಂಶ’ ಎಂದು ಬಂದಿದ್ದರೆ ನಾನು ನಂಬುತ್ತಿರಲಿಲ್ಲ. ಸಾಮಾನ್ಯ ಅಂಗಾಂಶ ಅಂಥ ಚಿತ್ರ ಕೊಡುವುದಿಲ್ಲ. ಇನ್ನೊಮ್ಮೆ ಸೂಜಿ ಹಾಕಬೇಕು ಎಂದೇ ಹೇಳುತ್ತಿದ್ದೆ. ನಿಮಗೆ ಬಂದಿರುವುದು ಫ್ಯಾಟ್ ನೆಕ್ರೋಸಿಸ್. ಅದು ನೆರಳಿಗೂ ಕಾರಣ ಹೇಳುತ್ತದೆ, ಅಂಚಿಗೂ ಹೇಳುತ್ತದೆ. ‘ಎರಡೂ ರಿಪೋರ್ಟ್ ಒಟ್ಟಿಗೆ ನೋಡಿದಿರಾ? ಸೂಜಿ ಗಂಟಿನೊಳಗೆ ಇರುವ ಚಿತ್ರ ಇದೆಯಾ?’ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಸಂಕೋಚ ಬೇಡ.

ಸೀಟ್ ಬೆಲ್ಟ್ ವಿಷಯ ಸ್ಕ್ಯಾನ್‌ಗೆ ಮೊದಲು ಹೇಳಿದ್ದಿರಾ? ಸುಮಾರು ಜನ ಹೇಳುವುದೇ ಇಲ್ಲ. ಹೇಳಿದ್ದರೂ ಬಯಾಪ್ಸಿ ತಪ್ಪುತ್ತಿರಲಿಲ್ಲ ಬಿಡಿ. ಮೊದಲೇ ಇದ್ದ ಗಂಟು ಪೆಟ್ಟು ಬಿದ್ದ ಮೇಲಷ್ಟೇ ಕೈಗೆ ಸಿಗುವುದೂ ಉಂಟು. ಪೆಟ್ಟಿನ ನೆನಪೊಂದನ್ನೇ ನಂಬಿ ಕೂರಲು ಆಗುವುದಿಲ್ಲ.

ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ಸ್ಕ್ಯಾನ್‌ಗೆ ಕರೆಯುತ್ತಾರೆ. ಅಷ್ಟರೊಳಗೆ ಗಂಟು ದೊಡ್ಡದಾದರೆ, ಚರ್ಮ ಅಥವಾ ತೊಟ್ಟು ಒಳಗೆ ಎಳೆದುಕೊಂಡರೆ ಕಾಯಬೇಡಿ, ಹೋಗಿಬಿಡಿ. ಹೋಗುವಾಗ ಬರೀ ರಿಪೋರ್ಟ್ ಹಾಳೆ ಸಾಲದು, ಹಳೇ ಚಿತ್ರಗಳನ್ನೂ ತೆಗೆದುಕೊಂಡು ಹೋಗಿ.