ಎಂಟು ಟ್ರ್ಯಾಕ್‌ಗಳ ಡೀಪ್ ಹೌಸ್ ಕಂಪೈಲೇಶನ್ ಒಂದೇ ಎಲ್‌ಪಿಯಲ್ಲಿ (ಹನ್ನೆರಡು ಇಂಚಿನ ವಿನೈಲ್ ಪ್ಲೇಟಿನಲ್ಲಿ) ಹಿಡಿಸುತ್ತಾ?

ಹಿಡಿಸುತ್ತದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ.

ನಾನು ಬರ್ಲಿನ್‌ನಲ್ಲಿ ಇಬ್ಬರು ಗೆಳೆಯರ ಜೊತೆ ಈ ಸಂಗೀತದ್ದೇ, ಅಂದರೆ ಕ್ಲಬ್‌ಗಳಲ್ಲಿ ಕುಣಿಯಲು ಹಾಕುವ ಎಲೆಕ್ಟ್ರಾನಿಕ್ ಡೀಪ್ ಹೌಸ್‌ನ, ಒಂದು ಚಿಕ್ಕ ರೆಕಾರ್ಡ್ ಲೇಬಲ್ ನಡೆಸುತ್ತೇನೆ. ಮೊದಲ ಕಂಪೈಲೇಶನ್‌ಗೆ (ಬೇರೆ ಬೇರೆ ಕಲಾವಿದರ ಟ್ರ್ಯಾಕ್‌ಗಳ ಸಂಗ್ರಹಕ್ಕೆ) ನಾವೂ ನಿಮ್ಮ ಲೆಕ್ಕವನ್ನೇ ಹಾಕಿದ್ದೆವು: ಎಂಟು ಟ್ರ್ಯಾಕ್, ಒಂದೊಂದೂ ಆರು ನಿಮಿಷ, ಬದಿಗೆ 24 ನಿಮಿಷ. ಎರಡು ಎಲ್‌ಪಿಗೆ ದುಡ್ಡಿರಲಿಲ್ಲ, ಎಂಟು ಜನರಲ್ಲಿ ಯಾರನ್ನೂ ಬಿಡಲು ಮನಸ್ಸೂ ಇರಲಿಲ್ಲ. ಕಟಿಂಗ್ ಮಾಡುವವರು, ಅಂದರೆ ಮೂಲ ಪ್ಲೇಟಿನಲ್ಲಿ ಗ್ರೂವ್ (ಸೂಜಿ ಓಡುವ ಗೀರು) ಕೆತ್ತುವವರು, ಮೇಲ್ ಬರೆದರು, ಬದಿ ಉದ್ದ ಆಯ್ತು, ಲೆವೆಲ್ (ಸದ್ದಿನ ಮಟ್ಟ) ಇಳಿಸಬೇಕಾಗುತ್ತೆ ಅಂತ. ಪರವಾಗಿಲ್ಲ, ಕೇಳುವವರು ವಾಲ್ಯೂಮ್ ಏರಿಸಿಕೊಳ್ತಾರೆ ಅಂತ ಉತ್ತರ ಕೊಟ್ಟವನು ನಾನು. 300 ಪ್ರತಿ ಒತ್ತಿಸಿದೆವು. ಬಹುಪಾಲು ಮಾರಾಟವಾಗಲೇ ಇಲ್ಲ.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ವಿನೈಲ್ ಮೇಲೆ ಬೇಸ್‌ಗೆ, ಅಂದರೆ ತಗ್ಗಿನ ಸ್ವರಗಳಿಗೆ, ಜಾಗ ಬೇಕು. ಬೇಸ್ ಬಂದಾಗ ಗ್ರೂವ್ ಅಗಲವಾಗಿ ಆಚೀಚೆ ಓಲಾಡುತ್ತದೆ. ಕಟ್ ಮಾಡುವಾಗ ಆರ್‌ಐಎಎ ಕರ್ವ್ ಅನ್ನುವ ನಿಗದಿತ ಹೊಂದಾಣಿಕೆ ಹಾಕಿ ಬೇಸ್ ತಗ್ಗಿಸಿರುತ್ತಾರೆ, ನುಡಿಸುವಾಗ ರೆಕಾರ್ಡ್ ಪ್ಲೇಯರ್‌ಗೆ ಜೋಡಿಸುವ ಫೋನೋ ಪ್ರೀಆಂಪ್ ಅದನ್ನು ವಾಪಸ್ ಏರಿಸುತ್ತದೆ, ಆದರೂ ಕಿಕ್ (ಡ್ರಮ್ಮಿನ ದಪ್ಪ ಬಡಿತ) ಮತ್ತು ಬೇಸ್‌ಲೈನ್ ಆರು ನಿಮಿಷ ಬಿಡದೆ ನಡೆಯುವ ಸಂಗೀತಕ್ಕೆ ಜಾಗ ಜಾಸ್ತಿಯೇ ಬೇಕು. 24 ನಿಮಿಷ ತುರುಕಿದರೆ ಗ್ರೂವ್‌ಗಳು ಒತ್ತೊತ್ತಾಗಿ ಕೂರಬೇಕು. ಓಲಾಡಲು ಜಾಗ ಸಿಗಲ್ಲ. ಹಾಗಾಗಿ ಇಡೀ ಬದಿಯ ಲೆವೆಲ್ ಇಳಿಸುತ್ತಾರೆ. ಆದರೆ ಪ್ಲೇಟಿನ ಚಟಪಟ ಸದ್ದು ಇಳಿಯುವುದಿಲ್ಲ, ಅಲ್ವಾ? ವಾಲ್ಯೂಮ್ ಏರಿಸಿದರೆ ಸಂಗೀತದ ಜೊತೆ ಅದೂ ಏರುತ್ತದೆ. ಡೀಪ್ ಹೌಸ್‌ನಲ್ಲಿ ಕಿಕ್ ನಿಂತು ಬರೀ ಸ್ವರಗುಚ್ಛಗಳು (ಕಾರ್ಡ್) ತೇಲುವ ಜಾಗಗಳಿವೆಯಲ್ಲ, ಅಲ್ಲೆಲ್ಲ ಸರ್ರ್ ಅನ್ನುವುದೇ ಕೇಳುತ್ತಿತ್ತು. ಕ್ಲಬ್‌ನಲ್ಲಿ ಇನ್ನೂ ಕಷ್ಟ. ಡಿಜೆ ಬೇರೆ ರೆಕಾರ್ಡ್‌ನಿಂದ ನಮ್ಮದಕ್ಕೆ ಬಂದ ತಕ್ಷಣ ನೆಲ ಕುಸಿದ ಹಾಗೆ. ಗೇನ್ ಏರಿಸಿದರೆ ಸ್ಪೀಕರ್‌ನ ಗುಂಯ್‌ಗುಡುವಿಕೆ ಸೂಜಿಗೆ ಹತ್ತುತ್ತದೆ.

ಬದಿಯ ಕೊನೆಗೆ ಬರುವ ಒಳಗಿನ ಗ್ರೂವ್ ಕಥೆ ಬೇರೆ. 33 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುಮಾರು 33 ಸುತ್ತು) ಸೂಜಿಯ ಕೆಳಗೆ ಹೊರ ಅಂಚು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ, ನಡುವಿನ ಕಾಗದದ ಲೇಬಲ್ ಹತ್ತಿರ 20 ಚಿಲ್ಲರೆ. ಅಷ್ಟು ಕಡಿಮೆ ಉದ್ದದಲ್ಲಿ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ತಾಳದ ಚುರುಕು ಸದ್ದು) ಚೊಕ್ಕವಾಗಿ ಕೂರಲ್ಲ. ನಮ್ಮ ಅತ್ಯುತ್ತಮ ಟ್ರ್ಯಾಕ್ ಅನ್ನು ಮುಕ್ತಾಯಕ್ಕೆ ಇರಲಿ ಅಂತ ಕೊನೆಗೆ ಇಟ್ಟಿದ್ದೆವು. ಅದು ಅಲ್ಲಿ ಹಾಳಾಯಿತು. ಅದನ್ನು ಮಾಡಿದ ಹುಡುಗಿಗೆ ಪ್ರತಿ ಕಳಿಸುವಾಗ ನನಗೆ ನಿಜಕ್ಕೂ ಸಂಕಟವಾಗಿತ್ತು.

ಹನ್ನೆರಡು ಇಂಚಿನ ಸಿಂಗಲ್ (ಬದಿಗೆ ಒಂದೆರಡೇ ಹಾಡಿರುವ ದೊಡ್ಡ ಪ್ಲೇಟು) ನೆಲೆಯೂರಿದ್ದೇ ಬೇಸ್‌ಗೆ ಜಾಗ ಸಿಗುತ್ತದೆ ಅಂತ. 1970ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್‌ನಲ್ಲಿ ಡಿಸ್ಕೋ ಹಾಡುಗಳ ರೀಮಿಕ್ಸ್ ಮಾಡುತ್ತಿದ್ದ ಟಾಮ್ ಮೌಲ್ಟನ್ ಒಂದು ಹಾಡು ಕಟ್ ಮಾಡಿಸಲು ಹೋದಾಗ ಏಳು ಇಂಚಿನ ಖಾಲಿ ಡಿಸ್ಕ್ ಮುಗಿದಿತ್ತು. ದೊಡ್ಡದರ ಮೇಲೆ ಗ್ರೂವ್ ಹರಡಿ ಕಟ್ ಮಾಡಿದರು. ಬೇಸ್ ಎದ್ದು ಬಂತು. ಷಿಕಾಗೋದಲ್ಲಿ ಲ್ಯಾರಿ ಹರ್ಡ್ 1980ರ ದಶಕದಲ್ಲಿ ಡೀಪ್ ಹೌಸ್ ಶುರು ಮಾಡುವ ಹೊತ್ತಿಗೆ ಈ ಸಂಗೀತ ಕುಣಿಯುವವರಿಗೆ ತಲುಪುತ್ತಿದ್ದದ್ದೇ ಆ ಅಗಲ ಗ್ರೂವ್‌ನಿಂದ. ಅದನ್ನು ಒತ್ತಿ ಕೂರಿಸಿದರೆ ಏನು ಉಳಿಯುತ್ತೆ ಹೇಳಿ.

ಎಂಟನ್ನೂ ಹೇಗೆ ಹಿಡಿಸಲಿ ಅಂತ ಕೇಳಿದ್ದೀರಿ. ಎಂಟೂ ಪ್ಲೇಟಿನ ಮೇಲೆ ಬರಲೇಬೇಕು ಅಂತ ಯಾರು ಹೇಳಿದರು? ನಾಲ್ಕು ಆರಿಸಿ. ಬದಿಗೆ ಎರಡು, 12 ನಿಮಿಷ. ಕಟಿಂಗ್‌ನವರು ಒಪ್ಪಿದರೆ 45 ಆರ್‌ಪಿಎಂನಲ್ಲೇ ಮಾಡಿಸಿ. ಪೂರ್ತಿ ಆಲ್ಬಮ್ ಬ್ಯಾಂಡ್‌ಕ್ಯಾಂಪ್‌ನಲ್ಲಿ (ಆನ್‌ಲೈನ್ ಸಂಗೀತ ಮಾರುವ ತಾಣ) ಇರಲಿ, ಡಿಜಿಟಲ್ ಮಾರಾಟಕ್ಕೆ ಅವರು 15% ಹಿಡಿಯುತ್ತಾರೆ. ಪ್ರತಿ ಕವರ್ ಒಳಗೆ ಡೌನ್‌ಲೋಡ್ ಕೋಡ್ ಚೀಟಿ ಹಾಕಿ. ಟ್ರ್ಯಾಕ್‌ಗಳನ್ನು ನಾಲ್ಕು ನಿಮಿಷಕ್ಕೆ ಕತ್ತರಿಸೋಣ ಅನ್ನುವ ನಿಮ್ಮ ಇನ್ನೊಂದು ಯೋಚನೆ ನನಗೆ ಒಂಚೂರೂ ಹಿಡಿಸಲಿಲ್ಲ. ಉದ್ದದ ಶುರುವಾತು ಇಲ್ಲದಿದ್ದರೆ ಡಿಜೆ ಮಿಕ್ಸ್ ಮಾಡುವುದು ಎಲ್ಲಿಂದ?

ಬಿಟ್ಟುಹೋದ ನಾಲ್ವರಿಗೆ ಬೇಜಾರಾಗುತ್ತದೆ, ಹೌದು. ಫೋನ್ ಮಾಡಿ ನೀವೇ ಹೇಳಿ, ಮೇಲ್ ಬೇಡ. ನಮ್ಮ ಎರಡನೇ ಕಂಪೈಲೇಶನ್‌ಗೆ ಹಾಗೇ ಮಾಡಿದೆವು. ಮುನಿಸಿಕೊಂಡವನು ಒಬ್ಬನೇ, ಅವನೂ ಆಮೇಲೆ ಸರಿಹೋದ.

ಬೇಸ್ ಮೋನೋದಲ್ಲಿದೆಯಾ, ಅಂದರೆ ಎಡ ಬಲ ಎರಡರಲ್ಲೂ ಒಂದೇ ಆಗಿದೆಯಾ, ಅಂತಲೂ ನೋಡಿ. ಜೂನೋ-60 ಸಿಂಥಸೈಜರ್‌ನ ಕೋರಸ್ (ಸದ್ದನ್ನು ಅಗಲಿಸುವ ಎಫೆಕ್ಟ್) ಒತ್ತಿ ಬೇಸ್ ನುಡಿಸಿದ್ದರೆ ಅದು ಸ್ಟೀರಿಯೋದಲ್ಲಿ ಹರಡಿರುತ್ತದೆ. ಅಂಥ ಬೇಸ್ ಸೂಜಿಯನ್ನು ಮೇಲೆ ಕೆಳಗೆ ಕುಣಿಸುತ್ತದೆ, ಕೆಲವೊಮ್ಮೆ ಗ್ರೂವ್‌ನಿಂದ ಎಗರಿಸಿಯೇ ಬಿಡುತ್ತದೆ. ಟೆಸ್ಟ್ ಪ್ರೆಸಿಂಗ್ (ಎಲ್ಲ ಪ್ರತಿ ಒತ್ತುವ ಮೊದಲಿನ ಪರೀಕ್ಷಾ ಪ್ರತಿ) ಬಂದಾಗ ಕೊನೆಯ ಟ್ರ್ಯಾಕ್ ಮೊದಲು ಕೇಳಿ, ಪಕ್ಕದಲ್ಲಿ ನಿಮಗಿಷ್ಟವಾದ ಬೇರೆ ಲೇಬಲ್‌ನ ರೆಕಾರ್ಡ್ ಇಟ್ಟು ಒಂದೇ ವಾಲ್ಯೂಮ್‌ನಲ್ಲಿ ಹೋಲಿಸಿ. ನಾಲ್ಕು ಯಾವುದು ಅಂತ ತೀರ್ಮಾನವಾಗದಿದ್ದರೆ ಎಂಟರ ಉದ್ದವನ್ನೂ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.