ಪ್ರಾಗ್‌ನಲ್ಲಿ ಹದಿನೈದು ಜನ ಎಲ್ಲಿ ಸೇರೋದು?

ಜೂನ್‌ನಲ್ಲಿ ಹದಿನೈದು ಜನ ಸಂಜೆ 6ಕ್ಕೆ ಹಳೇ ಪಟ್ಟಣದ ಗಡಿಯಾರದ ಕೆಳಗೆ ಸೇರಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ! ಗಂಟೆಗೊಮ್ಮೆ ಅದರ ಕಿಟಕಿಯಲ್ಲಿ ಬೊಂಬೆಗಳು ಸುತ್ತುತ್ತವೆ, ಸರಿಯಾಗಿ ಆ ಹೊತ್ತಿಗೆ ಕೆಳಗೆ ಕಾಲಿಡಲೂ ಜಾಗ ಇರಲ್ಲ, ಎಲ್ಲರೂ ಫೋನ್ ಎತ್ತಿ ಹಿಡಿದು ನಿಂತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿರದ ನೀವು ಅಲ್ಲಿ ಹೇಗೆ ಸೇರುತ್ತೀರಿ? ಗಡಿಯಾರ ಇರುವ ಅದೇ ಚೌಕದಲ್ಲಿ ಯಾನ್ ಹುಸ್ (ಅಲ್ಲಿನ ಹಳೇ ಧರ್ಮ ಸುಧಾರಕ) ಸ್ಮಾರಕದ ಹತ್ತಿರ 6:15ಕ್ಕೆ ಬನ್ನಿ ಅನ್ನಿ. ಕಾಲು ಗಂಟೆ ಕಾದು ಹೊರಟುಬಿಡಿ.

ಆಮೇಲೆ ಹೋಟೆಲ್ ಹುಡುಕಬೇಡಿ, ಬುಕ್ ಮಾಡದೆ ಹದಿನೈದು ಜನಕ್ಕೆ ಒಟ್ಟಿಗೆ ಟೇಬಲ್ ಸಿಗೋದು ಕಷ್ಟ. ಲೆಟ್ನಾ ಗುಡ್ಡಕ್ಕೆ ನಡೆಯಿರಿ. ಸೇತುವೆ ದಾಟಿ ಮೆಟ್ಟಿಲು ಹತ್ತಿದರೆ ದೊಡ್ಡ ಮೆಟ್ರೊನೋಮ್, ಅಂದ್ರೆ ಸಂಗೀತಗಾರರಿಗೆ ತಾಳ ತೋರಿಸೋ ಓಲಾಡುವ ಕಡ್ಡಿಯ ಸಾಧನದ ಆಕಾರದ್ದು, ಕಾಣುತ್ತೆ (1962ರಲ್ಲಿ ಕೆಡವಿದ ಸ್ಟಾಲಿನ್ ಪ್ರತಿಮೆ ನಿಂತಿದ್ದ ಜಾಗ ಅದು). ಅಲ್ಲಿಂದ ಬಲಕ್ಕೆ ಸ್ವಲ್ಪ ನಡೆದರೆ ಮರಗಳ ಕೆಳಗೆ ಉದ್ದುದ್ದ ಬೆಂಚು ಹಾಕಿದ ಬಿಯರ್ ಗಾರ್ಡನ್. ಅವರವರದ್ದು ಅವರೇ ಕೌಂಟರ್‌ನಲ್ಲಿ ದುಡ್ಡು ಕೊಟ್ಟು ತರೋದು, ಬಿಲ್ ಹಂಚುವ ರಗಳೆಯೇ ಇಲ್ಲ. ಕೆಳಗೆ ವ್ಲ್ತಾವಾ ನದಿ, ಸಾಲು ಸೇತುವೆಗಳು, 9 ಗಂಟೆಗೂ ಬೆಳಕು. ಯೂರೋ ನಂಬಬೇಡಿ, ಅಲ್ಲಿನ ದುಡ್ಡು ಕೊರುನಾ. ಮಳೆ ಬಂದರೆ ಮಾತ್ರ ಈ ಪ್ಲಾನ್ ಢಮಾರ್, ಇನ್ನೊಂದು ಜಾಗ ಮೊದಲೇ ಗ್ರೂಪ್‌ನಲ್ಲಿ ಹಾಕಿಡಿ.