ದೊಡ್ಡವ್ವನ ತಂಬಿಗೆ ಮೇಲಿನ ಹೆಸರು

ಮೆಲ್ಬರ್ನ್‌ಗೆ ಬಂದು ಮೂರು ತಿಂಗಳಾಯ್ತು, ಶನಿವಾರ-ಭಾನುವಾರ ಊರಿನ ನೆನಪು ಜಾಸ್ತಿ, ಬಾಗಲಕೋಟೆ ಕಡೆಯ ನಮ್ಮ ಮನೆತನದ ಕತೆ ಮಗಳಿಗೆ ಬರೆದಿಡಬೇಕು, ಇಲ್ಲಿ ಕೂತು ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ಆ ಕಡೆಯವನೇ, ಇಲ್ಲಿಗೆ ಬಂದು 18 ವರ್ಷವಾಯಿತು. ಈ ಶನಿವಾರವೇ ಮನೆಯ ಎಲ್ಲರಿಗಿಂತ ಹಿರಿಯರಿಗೆ ಫೋನ್ ಮಾಡಿ. "ಮುಂದಿನ ರಜೆಗೆ ಹೋದಾಗ ಅಜ್ಜನ್ನ ಕೇಳಿದರಾಯ್ತು" ಅಂದುಕೊಂಡಿದ್ದೆ ನಾನು. ಆ ರಜೆ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ.

ಈಗ ಚಳಿಗಾಲ, ನಾವು ನಾಲ್ಕೂವರೆ ತಾಸು ಮುಂದಿದ್ದೇವೆ. ಇಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಸಂಜೆ ನಾಲ್ಕು. ಚಹಾ ಕುಡಿದು ಕಟ್ಟೆ ಮೇಲೆ ಕೂತಿರುವ ಹೊತ್ತು.

"ನಮ್ಮ ಮನೆತನದ ಇತಿಹಾಸ ಹೇಳಿ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. "ನಮ್ಮಂಥವರದೇನು ಇತಿಹಾಸ" ಅಂದುಬಿಡುತ್ತಾರೆ. ಒಂದು ವಸ್ತು ಹಿಡಿದು ಕೇಳಿ. ನಾನು ವಿಡಿಯೋ ಕಾಲ್‌ನಲ್ಲಿ ದೊಡ್ಡವ್ವನಿಗೆ ದೇವರಮನೆಯ ಹಿತ್ತಾಳೆ ತಂಬಿಗೆ ತೋರಿಸು ಅಂದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ದೊಡ್ಡವ್ವ ಸೆರಗಿನಿಂದ ಒರೆಸಿ, ಸವೆದ ಅಕ್ಷರದ ಮೇಲೆ ಬೆರಳಾಡಿಸಿ ಓದಿದಳು. ಅದು ನಮ್ಮ ಅಜ್ಜಿಯ ಹೆಸರಲ್ಲ. ಅಜ್ಜನ ಮೊದಲ ಹೆಂಡತಿಯದು. ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಳಂತೆ. ಇಷ್ಟು ವರ್ಷ ಮನೆಯಲ್ಲಿ ಯಾರೂ ಆಕೆಯ ಹೆಸರೆತ್ತಿರಲಿಲ್ಲ. ದೊಡ್ಡವ್ವ ಸುಮ್ಮನಾದಳು. ನಾನೂ ಸುಮ್ನೆ ಕೂತೆ. ಆಮೇಲೆ ಅವಳೇ ಶುರು ಮಾಡಿ ಒಂದು ತಾಸು ಮಾತಾಡಿದಳು. ಅಂಥ ಹೊತ್ತಲ್ಲಿ ಮುಂದಿನ ಪ್ರಶ್ನೆ ಕೇಳಬೇಡಿ.

ಇಸವಿ ಕೇಳಿದರೆ ಸಿಗುವುದಿಲ್ಲ. "72ರ ಬರಕ್ಕೆ ಮುಂಚೆನಾ? ಮುಳುಗಡೆಗೆ ಮುಂಚೆನಾ?" ಅನ್ನಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಮನೆಯಾದರೆ ಎಡಕ್ಕೆ ಯಾರ ಮನೆ, ಬಲಕ್ಕೆ ಯಾರ ಮನೆ ಅಂತ ಹೇಳಿಸಿ. ಹೋಗಿ ನೋಡೋಣ ಅಂದರೆ ಆ ಓಣಿಯೇ ಇಲ್ಲ ಅಲ್ವಾ? ಮನೆದೇವರು, ಅಡ್ಡಹೆಸರು, ಹೆಣ್ಣುಮಕ್ಕಳನ್ನು ಕೊಟ್ಟ ಊರು, ಇವನ್ನೂ ಬಿಡಬೇಡಿ. 1956ಕ್ಕೆ ಮುಂಚೆ ನಮ್ಮ ಕಡೆ ಮುಂಬೈ ರಾಜ್ಯಕ್ಕೆ ಸೇರಿತ್ತು. ಹಳೇ ಕಾಗದ ಓದಲು ಬಾರದಿದ್ದರೆ ಎಸೆಯಬೇಡಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಇರಬಹುದು.

ನಿಮ್ಮ ಮನೆಗೆ ಹೆಳವರು ಕೊನೆಗೆ ಯಾವಾಗ ಬಂದಿದ್ದರು, ಯಾವ ಊರಿನವರು ಅಂತಲೂ ಕಾಕಾನನ್ನು ಕೇಳಿ. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ವಂಶಾವಳಿ ಹೇಳುವವರು ಅವರು. ನಾನು ಊರಿಗೆ ಹೋದಾಗ ನಮ್ಮ ಹೆಳವರು ಏಳು ತಲೆಮಾರು ಓದಿದರು. ತಂಬಿಗೆ ಮೇಲಿನ ಹೆಸರು ಅದರಲ್ಲಿರಲಿಲ್ಲ. ದೊಡ್ಡವ್ವ ಪಕ್ಕದಲ್ಲಿ ಕೂತು ಅದನ್ನು ಬರೆಸಿದಳು.